ತನ್ನ ಕಣ್ಣನ್ನೇ ಪ್ರಯೋಗಶಾಲೆ ಮಾಡಿಕೊಂಡ ಥಾಮಸ್ ಯಂಗ್

ಕಳೆದ ರಂಜಾನ್‌ಗೆ ಮೊದಲು ನಮ್ಮ ದಾದಿಯ ಎರಡೂ ಕಣ್ಣುಗಳ ಪೊರೆ ತೆಗೆಸಿದೆವು. ಅದಾದ ಮೇಲೆ ಬೀದಿಯ ತುದಿಯಲ್ಲಿ ಬರುವವರನ್ನೂ ದಾದಿ ಗುರುತಿಸತೊಡಗಿದರು. ಆದರೆ ಕುರ್‌ಆನ್ ತೆರೆದು ಕೂತಾಗ ಅಕ್ಷರಗಳು ಮಸುಕಾಗಿ ಕಂಡವು. ಓದಲು ಮತ್ತೆ ಕನ್ನಡಕ ಬೇಕಾಯಿತು. ಕಣ್ಣಿಗೆ ಹೊಸ ಮಸೂರ ಹಾಕಿದ ಮೇಲೂ ಇದೇಕೆ ಎಂದು ದಾದಿ ನನ್ನನ್ನು ಕೇಳಿದರು. ವಿಜ್ಞಾನ ಓದುವ ಮೊಮ್ಮಗಳಿಗೆ ಉತ್ತರ ಗೊತ್ತಿರಲೇಬೇಕು ಎಂಬುದು ಅವರ ನಂಬಿಕೆ. ನನಗೆ ಗೊತ್ತಿರಲಿಲ್ಲ.

ಉತ್ತರ ಹುಡುಕುತ್ತಾ ಹೋದಾಗ ನಮಗೆಲ್ಲ ಪರಿಚಯವಿರುವ ಒಂದು ಹೆಸರು ಸಿಕ್ಕಿತು. ಪ್ರಥಮ ಪಿಯುಸಿಯಲ್ಲಿ ಯಂಗ್‌ನ ಗುಣಾಂಕ ಓದಿದ್ದೆವು. ದ್ವಿತೀಯ ಪಿಯುಸಿಯಲ್ಲಿ ಯಂಗ್‌ನ ಜೋಡಿ ಸೀಳುಗಳ ಪ್ರಯೋಗ ಬಂತು. ಇವರಿಬ್ಬರೂ ಬೇರೆ ಬೇರೆ ಎಂದೇ ನಾನು ತಿಳಿದಿದ್ದೆ. ಇಬ್ಬರೂ ಒಬ್ಬರೇ! ಅಷ್ಟೇ ಅಲ್ಲ, ಕಣ್ಣಿನ ಮಸೂರದ ಗುಟ್ಟನ್ನು ಬಿಡಿಸಿದವರೂ ಅವರೇ.

ಥಾಮಸ್ ಯಂಗ್ ಹುಟ್ಟಿದ್ದು 1773ರ ಜೂನ್ 13ರಂದು, ಇಂಗ್ಲೆಂಡಿನ ಮಿಲ್ವರ್ಟನ್ ಎಂಬ ಊರಿನಲ್ಲಿ. ಕ್ವೇಕರ್ ಪಂಥದ ಕುಟುಂಬದ ಹತ್ತು ಮಕ್ಕಳಲ್ಲಿ ಅವರೇ ಹಿರಿಯರು. ಎರಡನೇ ವಯಸ್ಸಿಗೇ ಓದಲು ಕಲಿತರು. ಹುಡುಗರಾಗಿದ್ದಾಗಲೇ ಲ್ಯಾಟಿನ್, ಗ್ರೀಕ್ ಜೊತೆಗೆ ಹೀಬ್ರೂ, ಅರಬ್ಬಿ, ಪಾರ್ಸಿ ಭಾಷೆಗಳನ್ನೂ ಅಭ್ಯಾಸ ಮಾಡಿದರು. ಮುಂದೆ ವೈದ್ಯರಾಗಬೇಕೆಂದು ಲಂಡನ್‌ಗೆ ಬಂದರು.

ಆಗ ಕಣ್ಣಿನ ಬಗ್ಗೆ ಒಂದು ಪ್ರಶ್ನೆ ಬಗೆಹರಿಯದೆ ಉಳಿದಿತ್ತು. ಬೆಳಕು ವಸ್ತುವಿನಿಂದ ಕಣ್ಣಿಗೆ ಬರುತ್ತದೆ ಎಂದು ಸುಮಾರು ಸಾವಿರ ವರ್ಷಗಳ ಹಿಂದೆಯೇ ಇಬ್ನ್ ಅಲ್-ಹೈಥಮ್ ತಮ್ಮ ಕಿತಾಬ್ ಅಲ್-ಮನಾಝಿರ್ ಗ್ರಂಥದಲ್ಲಿ ತೋರಿಸಿಕೊಟ್ಟಿದ್ದರು. ಆದರೆ ನೋಡುವ ಕೆಲಸ ಮಸೂರದಲ್ಲೇ ನಡೆಯುತ್ತದೆ ಎಂದು ಅವರೂ ನಂಬಿದ್ದರು. ಬಿಂಬ ಮೂಡುವುದು ರೆಟಿನಾದ ಮೇಲೆ ಎಂದು 1604ರಲ್ಲಿ ಕೆಪ್ಲರ್ ವಿವರಿಸಿದರು. ಹಾಗಾದರೆ ದೂರದ ಮರ, ಕೈಯಲ್ಲಿರುವ ಪುಸ್ತಕ ಎರಡೂ ಸ್ಪಷ್ಟವಾಗಿ ಕಾಣುವುದು ಹೇಗೆ? ಕಣ್ಣುಗುಡ್ಡೆಯೇ ಉದ್ದವಾಗುತ್ತದೆ ಎಂದರು ಕೆಲವರು. ಮುಂಭಾಗದ ಕಾರ್ನಿಯಾ ಉಬ್ಬುತ್ತದೆ ಎಂದರು ಇನ್ನು ಕೆಲವರು. ಮಸೂರ ಹಿಂದೆ ಮುಂದೆ ಸರಿಯುತ್ತದೆ ಎಂದವರೂ, ಮಸೂರವೇ ಆಕಾರ ಬದಲಿಸುತ್ತದೆ ಎಂದವರೂ ಇದ್ದರು.

ಯಂಗ್ ಎತ್ತಿನ ಕಣ್ಣನ್ನು ಕೊಯ್ದು ನೋಡಿದರು. ಮಸೂರದಲ್ಲಿ ಎಳೆ ಎಳೆಯಾದ ರಚನೆ ಕಂಡಿತು. ಇವು ಸ್ನಾಯುಗಳಿರಬೇಕು, ಇವುಗಳ ಬಲದಿಂದಲೇ ಮಸೂರ ಉಬ್ಬುತ್ತದೆ ಎಂದು ತೀರ್ಮಾನಿಸಿದರು. ಈ ಪ್ರಬಂಧವನ್ನು 1793ರ ಮೇ 30ರಂದು ರಾಯಲ್ ಸೊಸೈಟಿಯಲ್ಲಿ ಓದಲಾಯಿತು. ಅವರಿಗೆ ಇಪ್ಪತ್ತು ತುಂಬಲು ಇನ್ನೂ ಎರಡು ವಾರ ಬಾಕಿಯಿತ್ತು. ಮರುವರ್ಷವೇ ಅವರನ್ನು ಸೊಸೈಟಿಯ ಸದಸ್ಯರನ್ನಾಗಿ ಆರಿಸಲಾಯಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ. ಸ್ವಲ್ಪ ಸಮಯದಲ್ಲೇ ಎವರಾರ್ಡ್ ಹೋಮ್ ಎಂಬ ಹೆಸರಾಂತ ಶಸ್ತ್ರವೈದ್ಯರು, ಮಸೂರ ತೆಗೆಸಿಕೊಂಡ ಒಬ್ಬ ರೋಗಿಯನ್ನು ಪರೀಕ್ಷಿಸಿದರು. ಮಸೂರವಿಲ್ಲದಿದ್ದರೂ ಆತ ಹತ್ತಿರಕ್ಕೂ ದೂರಕ್ಕೂ ದೃಷ್ಟಿ ಹೊಂದಿಸಬಲ್ಲ ಎಂದು ವರದಿ ಮಾಡಿದರು. ಅದು ನಿಜವಾದರೆ ಯಂಗ್ ಹೇಳಿದ್ದು ಸುಳ್ಳು. ಯಂಗ್ ಹಟ ಹಿಡಿಯಲಿಲ್ಲ. ತಮ್ಮ ಅಭಿಪ್ರಾಯವನ್ನು ಬಹಿರಂಗವಾಗಿಯೇ ಹಿಂತೆಗೆದುಕೊಂಡರು. ಎಡಿನ್‌ಬರೋ, ಗಾಟಿಂಗೆನ್, ಕೇಂಬ್ರಿಜ್‌ಗಳಲ್ಲಿ ಓದು ಮುಂದುವರಿಸಿದರು.

ಆದರೆ ಪ್ರಶ್ನೆ ಅವರನ್ನು ಬಿಡಲಿಲ್ಲ. ಒಂದೊಂದೇ ಸಾಧ್ಯತೆಯನ್ನು ತಾವೇ ಪರೀಕ್ಷಿಸಲು ಹೊರಟರು. ಅದಕ್ಕೆ ಬಳಸಿದ್ದು ಸ್ವಂತ ಕಣ್ಣನ್ನೇ.

ಮೊದಲು ಕಾರ್ನಿಯಾ. ಒಂದು ತುದಿಗೆ ಗಾಜಿನ ಮಸೂರ ಕೂರಿಸಿದ ಪುಟ್ಟ ಕೊಳವೆಗೆ ನೀರು ತುಂಬಿ ಕಣ್ಣಿಗೆ ಒತ್ತಿಕೊಂಡರು. ನೀರಿನಲ್ಲಿ ಕಾರ್ನಿಯಾ ಬೆಳಕನ್ನು ಬಾಗಿಸುವ ಶಕ್ತಿಯನ್ನು ಬಹುಪಾಲು ಕಳೆದುಕೊಳ್ಳುತ್ತದೆ. ಆದರೂ ದೃಷ್ಟಿ ಮೊದಲಿನಂತೆಯೇ ಹೊಂದಿಕೊಂಡಿತು. ಅಂದರೆ ಈ ಕೆಲಸ ಕಾರ್ನಿಯಾದ್ದಲ್ಲ. ಆಮೇಲೆ ಕಣ್ಣುಗುಡ್ಡೆಯ ಉದ್ದ. ಕಣ್ಣನ್ನು ಮೂಗಿನ ಕಡೆಗೆ ಪೂರ್ತಿ ಹೊರಳಿಸಿ, ಗುಡ್ಡೆ ಉದ್ದವಾಗದಂತೆ ಹಿಂದೆ ಮುಂದೆ ಬಳೆಗಳನ್ನು ಇಟ್ಟು ಒತ್ತಿ ಹಿಡಿದರು. ಒತ್ತಡಕ್ಕೆ ಕಣ್ಣೊಳಗೆ ಒಂದು ಬೆಳಕಿನ ಚುಕ್ಕೆ ಕಾಣುತ್ತಿತ್ತು. ಗುಡ್ಡೆ ಹಿಗ್ಗಿದರೆ ಆ ಚುಕ್ಕೆಯೂ ಬದಲಾಗಬೇಕಿತ್ತು. ಅದು ಬದಲಾಗಲಿಲ್ಲ, ದೃಷ್ಟಿ ಮಾತ್ರ ಹೊಂದಿಕೊಂಡಿತು. (ಸ್ನೇಹಿತರೇ, ದಯವಿಟ್ಟು ಯಾರೂ ಇದನ್ನು ಮಾಡಿ ನೋಡಬೇಡಿ!)

ಕೊನೆಯದಾಗಿ, ಪೊರೆಯ ಕಾರಣಕ್ಕೆ ಮಸೂರ ಕಳೆದುಕೊಂಡವರನ್ನು ಪರೀಕ್ಷಿಸಿದರು. ಅವರಲ್ಲಿ ದೃಷ್ಟಿ ಹೊಂದಿಸುವ ಶಕ್ತಿಯೇ ಇರಲಿಲ್ಲ. 1800ರ ನವೆಂಬರ್ 27ರಂದು ಈ ಫಲಿತಾಂಶಗಳನ್ನು ರಾಯಲ್ ಸೊಸೈಟಿಯ ಮುಂದಿಟ್ಟರು. ಆಕಾರ ಬದಲಿಸುವುದು ಮಸೂರವೇ ಎಂಬ ಅವರ ಮೊದಲ ಮಾತೇ ನಿಂತಿತು. ತಮ್ಮ ಕಣ್ಣನ್ನು ಅಳೆಯುವಾಗ ಇನ್ನೊಂದು ದೋಷವೂ ಅವರಿಗೆ ಸಿಕ್ಕಿತ್ತು. ಅಡ್ಡ ಗೆರೆ, ಉದ್ದ ಗೆರೆಗಳನ್ನು ಅವರ ಕಣ್ಣು ಒಂದೇ ದೂರದಲ್ಲಿ ಸ್ಪಷ್ಟವಾಗಿ ನೋಡುತ್ತಿರಲಿಲ್ಲ. ಇಂದು ನಾವು ಅಸ್ಟಿಗ್ಮ್ಯಾಟಿಸಂ ಎನ್ನುವುದು ಇದನ್ನೇ.

ಹಾಗೆಂದು ಅವರು ಹೇಳಿದ್ದೆಲ್ಲ ಸರಿಯಾಗಿರಲಿಲ್ಲ. ಮಸೂರದ ಎಳೆಗಳು ಸ್ನಾಯುಗಳಲ್ಲ. ಮಸೂರದ ಸುತ್ತಲಿನ ಸಿಲಿಯರಿ ಸ್ನಾಯು ಸಂಕುಚಿಸಿದಾಗ ಮಸೂರವನ್ನು ಎಳೆದು ಹಿಡಿದ ತಂತುಗಳು ಸಡಿಲವಾಗುತ್ತವೆ, ಆಗ ಮಸೂರ ತಾನಾಗಿಯೇ ದುಂಡಗಾಗುತ್ತದೆ ಎಂದು 1855ರಲ್ಲಿ ವಿವರಿಸಿದವರು ಜರ್ಮನಿಯ ಹೆಲ್ಮ್‌ಹೋಲ್ಟ್ಸ್. ಯಂಗ್ ಅದನ್ನು ನೋಡಲಿಲ್ಲ. ಬೆಳಕು ಅಲೆ ಎಂದು ತೋರಿಸಿ, ಕಣ್ಣು ಮೂರು ಬಣ್ಣಗಳಿಂದ ಎಲ್ಲ ಬಣ್ಣಗಳನ್ನೂ ಗ್ರಹಿಸುತ್ತದೆ ಎಂದು ಸೂಚಿಸಿ, ಈಜಿಪ್ಟಿನ ರೊಸೆಟ್ಟಾ ಶಿಲೆಯ ಲಿಪಿಯನ್ನು ಬಿಡಿಸಲು ಶ್ರಮಿಸಿ, 1829ರ ಮೇ 10ರಂದು 55ನೇ ವಯಸ್ಸಿನಲ್ಲಿ ಲಂಡನ್‌ನಲ್ಲಿ ತೀರಿಕೊಂಡಿದ್ದರು.

ಮಸೂರದಲ್ಲಿ ರಕ್ತನಾಳಗಳಿಲ್ಲ, ನರಗಳಿಲ್ಲ. ಈರುಳ್ಳಿಯಂತೆ ಪದರದ ಮೇಲೆ ಪದರವಾಗಿ ಅದು ಜೀವನಪೂರ್ತಿ ಬೆಳೆಯುತ್ತದೆ. ತಾಯಿಯ ಗರ್ಭದಲ್ಲಿ ಉಂಟಾದ ಭಾಗ ಕೊನೆಯವರೆಗೂ ನಡುವೆ ಹಾಗೆಯೇ ಉಳಿಯುತ್ತದೆ. ವಯಸ್ಸಾದಂತೆ ಮಸೂರ ಗಟ್ಟಿಯಾಗಿ ದುಂಡಗಾಗಲಾರದು. ನಲವತ್ತರ ಸುಮಾರಿಗೆ ಬರುವ ಚಾಳೀಸು ಇದೇ. ದಾದಿಗೆ ಹಾಕಿದ ಹೊಸ ಮಸೂರವೂ ಆಕಾರ ಬದಲಿಸುವುದಿಲ್ಲ. ಅದು ದೂರಕ್ಕೆ ಹೊಂದಿಸಿದ್ದು, ಹತ್ತಿರಕ್ಕೆ ಕನ್ನಡಕ ಬೇಕೇ ಬೇಕು. ಇದನ್ನು ಹೇಳಿದಾಗ, ಆಪರೇಷನ್ ಕೆಟ್ಟಿಲ್ಲ ಎಂದು ತಿಳಿದು ದಾದಿ ನಿರಾಳರಾದರು. ಈಗ ಕನ್ನಡಕ ಹಾಕಿಕೊಂಡು ಫಜ್ರ್ ನಮಾಜಿನ ನಂತರ ಮೊದಲಿನಂತೆ ಓದುತ್ತಾರೆ.

ನನ್ನ ಮಟ್ಟಿಗೆ ಇನ್ನೊಂದು ಮಾತು. ಪ್ರಯೋಗಾಲಯದಲ್ಲಿ ನನ್ನ ರೀಡಿಂಗ್ ಪಕ್ಕದವರದಕ್ಕೆ ಹೊಂದದಿದ್ದರೆ ನಾನು ಅಳಿಸಿ ಅವರದನ್ನೇ ಬರೆದುಕೊಳ್ಳುತ್ತಿದ್ದೆ. ದೊಡ್ಡವರು ತಪ್ಪೆಂದಾಗ ಯಂಗ್ ಕೂಡ ಹಿಂದೆ ಸರಿದಿದ್ದರು. ಆದರೆ ಅಲ್ಲಿಗೇ ನಿಲ್ಲದೆ ಮತ್ತೆ ಅಳೆದು ನೋಡಿದರು. ಈಗ ನಾನು ರಬ್ಬರ್ ಕೈಗೆತ್ತಿಕೊಳ್ಳುವ ಮುನ್ನ ಇನ್ನೊಮ್ಮೆ ರೀಡಿಂಗ್ ತೆಗೆಯುತ್ತೇನೆ.