ಎದುರಾಳಿಯಿಂದ ತಿಳಿದ ಶೌರ್ಯ

ಕೊಡಗಿನಲ್ಲಿ 1932ರ ಡಿಸೆಂಬರ್ 24ರಂದು ಜನಿಸಿದ ಅಜ್ಜಮಾಡ ಬಿ. ದೇವಯ್ಯ 1954ರಲ್ಲಿ ವಾಯುಪಡೆ ಸೇರಿದರು. 1965ರ ಭಾರತ–ಪಾಕಿಸ್ತಾನ ಯುದ್ಧದ ವೇಳೆ, ಪೈಲಟ್‌ಗಳಿಗೆ ತರಬೇತಿ ನೀಡುತ್ತಿದ್ದ ಸ್ಕ್ವಾಡ್ರನ್ ಲೀಡರ್ ದೇವಯ್ಯ ಅವರನ್ನು ಪಂಜಾಬಿನ ಆದಂಪುರದಲ್ಲಿದ್ದ 1ನೇ ಸ್ಕ್ವಾಡ್ರನ್‌ಗೆ ನಿಯೋಜಿಸಲಾಯಿತು.

ಸೆಪ್ಟೆಂಬರ್ 7ರ ಮುಂಜಾನೆ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿ ನಡೆಸಲು 12 ಮಿಸ್ಟೇರ್ ಯುದ್ಧವಿಮಾನಗಳು ಸಜ್ಜಾದವು. ದೇವಯ್ಯ ಮೀಸಲು ಪೈಲಟ್ ಆಗಿದ್ದರು. ಒಂದು ವಿಮಾನ ಹಿಂದೆ ಸರಿದಾಗ ಅವರು ಆ ಸ್ಥಾನ ತುಂಬಿದರು. ಮರಳುವ ಹಾದಿಯಲ್ಲಿ, ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ಸ್ಟಾರ್‌ಫೈಟರ್ ವಿಮಾನ ಅವರ ಮೇಲೆರಗಿತು. ತಮ್ಮ ವಿಮಾನಕ್ಕೆ ಗುಂಡೇಟು ತಗುಲಿದರೂ ದೇವಯ್ಯ ತಿರುಗಿ ನಿಂತು ಅದನ್ನು ಹೊಡೆದುರುಳಿಸಿದರು. ಅದರ ಪೈಲಟ್ ಅಮ್ಜದ್ ಹುಸೇನ್ ಪ್ಯಾರಾಚೂಟ್ ನೆರವಿನಿಂದ ಪಾರಾದರು. 32ರ ಹರೆಯದ ದೇವಯ್ಯ ಮರಳಲಿಲ್ಲ.

ಕಾಳಗದ ವಿವರ ಭಾರತಕ್ಕೆ ವರ್ಷಗಟ್ಟಲೆ ತಿಳಿಯಲಿಲ್ಲ; ದೇವಯ್ಯ ಕಾಣೆಯಾದವರ ಪಟ್ಟಿಗೆ ಸೇರಿದರು. ಪಾಕಿಸ್ತಾನ ವಾಯುಪಡೆಯ ಯುದ್ಧ ಕುರಿತು ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಬರೆದ ಪುಸ್ತಕ 1979ರಲ್ಲಿ ಪ್ರಕಟವಾದಾಗ ಸತ್ಯ ಹೊರಬಂತು. ಅಂದಿನ ದಾಳಿಯ ನಾಯಕ ಓ.ಪಿ. ತನೇಜಾ ಈ ಬಗ್ಗೆ ಸರ್ಕಾರದ ಗಮನ ಸೆಳೆದರು. ಕಾಳಗ ನಡೆದ 23 ವರ್ಷಗಳ ಬಳಿಕ, 1988ರಲ್ಲಿ, ಮರಣೋತ್ತರ ಮಹಾವೀರ ಚಕ್ರ ಪ್ರಕಟವಾಯಿತು. ಪತ್ನಿ ಸುಂದರಿ ಅದನ್ನು ಸ್ವೀಕರಿಸಿದರು.