ಹಾಡೋ ಹುಡುಗ ಕುಮಾರ ಗಂಧರ್ವ



ಈ ಸಲದ ಗೋಡೆ ಪತ್ರಿಕೆಗೆ ಎಲ್ಲರೂ ಒಬ್ಬೊಬ್ಬ ಮಹನೀಯರ ಬಗ್ಗೆ ಬರೀಬೇಕು ಅಂತ ನಮ್ಮ ಕನ್ನಡ ಮೇಷ್ಟ್ರು ಹೇಳಿದರು. ಗಾಂಧೀಜಿ, ವಿಶ್ವೇಶ್ವರಯ್ಯ, ಕುವೆಂಪು ಇವರನ್ನೆಲ್ಲಾ ಉಳಿದವರು ಮೊದಲೇ ಹಿಡಿದುಕೊಂಡುಬಿಟ್ಟಿದ್ದರು. ನನಗೆ ಯಾರೂ ಉಳಿದಿರಲಿಲ್ಲ. ಆಗ ಮೇಷ್ಟ್ರು ತಮ್ಮ ಸ್ಟಾಂಪ್ ಪುಸ್ತಕ ತಂದು ತೋರಿಸಿದರು. 2014ರಲ್ಲಿ ಅಂಚೆ ಇಲಾಖೆಯವರು ಸಂಗೀತಗಾರರ ಸ್ಟಾಂಪುಗಳನ್ನು ಹೊರತಂದಿದ್ದರು. ಅದರಲ್ಲಿ ನಮ್ಮ ಕರ್ನಾಟಕದಲ್ಲಿ ಹುಟ್ಟಿದವರೇ ನಾಲ್ಕು ಜನ ಇದ್ದಾರೆ. ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರ ಮತ್ತು ಕುಮಾರ ಗಂಧರ್ವ. ಮೇಷ್ಟ್ರು ಕುಮಾರ ಗಂಧರ್ವರ ಸ್ಟಾಂಪಿನ ಮೇಲೆ ಬೆರಳಿಟ್ಟು, ಇವರ ಬಗ್ಗೆ ನಾನೇ ಬರೆಯಬೇಕು ಅಂದರು. ನಾನೇ ಯಾಕೆ ಅನ್ನೋದು ಆಮೇಲೆ ತಿಳಿಯಿತು.

ನಿಮಗೆಲ್ಲಾ ಗೊತ್ತಿರೋ ಹಾಗೆ ನಾನು ಚಿಕ್ಕ ತರಗತಿಯಲ್ಲಿ ಚೆನ್ನಾಗಿ ಹಾಡ್ತಿದ್ದೆ. ಆರನೇ ತರಗತಿಯಲ್ಲಿ ಪ್ರತಿಭಾ ಕಾರಂಜಿಗೆ ದೊಡ್ಡಬಳ್ಳಾಪುರಕ್ಕೆ ಹೋಗಿ ತಾಲ್ಲೂಕಿಗೆ ಮೊದಲ ಬಹುಮಾನ ತಂದಿದ್ದೆ. ಮೊಬೈಲಿನಲ್ಲಿ ಹಾಡು ಹಾಕಿಕೊಂಡು, ಅದರಲ್ಲಿ ಎಲ್ಲಿ ಉಸಿರು ತಗೊಳ್ತಾರೋ ಅಲ್ಲೇ ಉಸಿರು ತಗೊಂಡು, ಹಾಗೇ ಒಪ್ಪಿಸ್ತಿದ್ದೆ. ಹೋದ ವರ್ಷ ನನ್ನ ಗಂಟಲು ಒಡೆಯಿತು. ರಾಜ್ಯೋತ್ಸವದ ದಿನ ಮೇಲಿನ ಸ್ವರಕ್ಕೆ ಹೋದಾಗ ಕೀರಲು ಸದ್ದು ಬಂತು. ಎಲ್ಲರೂ ನಕ್ಕರು. ಅವತ್ತಿಂದ ನಾನು ಹಾಡಿಲ್ಲ. ಅದಕ್ಕೇ ಮೇಷ್ಟ್ರು ನನಗೆ ಈ ಕೆಲಸ ಕೊಟ್ಟಿದ್ದು. ಅವರು ಹೇಳಿದ್ದು, ಪುಸ್ತಕದಲ್ಲಿ ಓದಿದ್ದು ಎಲ್ಲಾ ಸೇರಿಸಿ ನನಗೆ ತಿಳಿದಷ್ಟು ಬರೆದಿದ್ದೇನೆ.

ಕುಮಾರ ಗಂಧರ್ವರು ಹುಟ್ಟಿದ್ದು 1924ನೇ ಇಸವಿ ಏಪ್ರಿಲ್ 8ರಂದು, ಬೆಳಗಾವಿ ಹತ್ತಿರದ ಸುಳೇಭಾವಿ ಎಂಬ ಹಳ್ಳಿಯಲ್ಲಿ. ಅವರ ನಿಜವಾದ ಹೆಸರು ಶಿವಪುತ್ರ. ತಂದೆ ಸಿದ್ಧರಾಮಯ್ಯನವರು ಹಾಡುಗಾರರು. ಮನೆಮಾತು ಕನ್ನಡ. ನಮ್ಮ ಹಾಗೆ ಹಳ್ಳಿಯ ಮಗುವೇ.

ಆ ಕಾಲದಲ್ಲಿ ಟಿವಿ ಇರಲಿಲ್ಲ, ಮೊಬೈಲ್ ಇರಲಿಲ್ಲ. ಅನುಕೂಲಸ್ಥರ ಮನೆಯಲ್ಲಿ ಕೀಲಿ ಕೊಟ್ಟು ತಿರುಗಿಸೋ ಗ್ರಾಮಫೋನ್ ಇರ್ತಿತ್ತು. ಅದರ ತಟ್ಟೆ ನಿಮಿಷಕ್ಕೆ 78 ಸುತ್ತು ಸುತ್ತುತ್ತಿತ್ತು. ಒಂದು ಮಗ್ಗುಲಿಗೆ ಮೂರು ನಿಮಿಷ, ಸ್ವಲ್ಪ ಹೆಚ್ಚು ಅಂದರೆ ಮೂರೂವರೆ ನಿಮಿಷದ ಹಾಡು. ದೊಡ್ಡ ವಿದ್ವಾಂಸರ ಸಂಗೀತ, ನಾಟಕದ ಪದಗಳು ಮನೆಮಂದಿಗೆಲ್ಲಾ ಕೇಳೋಕೆ ಸಿಗ್ತಿದ್ದದ್ದು ಹೀಗೆ. ಈ ಹುಡುಗ ಆ ತಟ್ಟೆಗಳನ್ನು ಕೇಳಿ ಕೇಳಿ, ಅದರಲ್ಲಿದ್ದ ಹಾಗೇ ಹಾಡಿಬಿಡ್ತಿದ್ದ. ಅಬ್ದುಲ್ ಕರೀಂ ಖಾನ್ ಸಾಹೇಬರ ಹಾಡು ಅವರ ಹಾಗೇ, ರಾಮಕೃಷ್ಣಬುವಾ ವಝೆ ಅವರ ಹಾಡು ಅವರ ಹಾಗೇ. ಯಾರೂ ಕೂರಿಸಿಕೊಂಡು ಪಾಠ ಹೇಳಿಕೊಟ್ಟಿರಲಿಲ್ಲ. ಬರೀ ಕಿವಿಯಿಂದ ಬಂದ ವಿದ್ಯೆ.

ಏಳೆಂಟು ವರ್ಷದವನಿದ್ದಾಗ ಒಂದು ಮಠದ ಸ್ವಾಮಿಗಳು ಈ ಹುಡುಗನ ಹಾಡು ಕೇಳಿ ಕುಮಾರ ಗಂಧರ್ವ ಎಂದು ಹೆಸರಿಟ್ಟರು. ಕುಮಾರ ಅಂದರೆ ಹುಡುಗ, ಗಂಧರ್ವ ಅಂದರೆ ದೇವಲೋಕದ ಹಾಡುಗಾರ. ಆ ಹೆಸರೇ ಕೊನೇವರೆಗೂ ನಿಂತಿತು. ತಂದೆಯವರು ಮಗನನ್ನು ಕರಕೊಂಡು ಊರೂರು ತಿರುಗಿ ಕಛೇರಿ ಮಾಡಿಸಿದರು. ಜನ ಟಿಕೆಟ್ ಕೊಂಡು ಬಂದು ಈ ಪುಟ್ಟ ಹುಡುಗನ ಹಾಡು ಕೇಳಿದರು. ಶಾಲೆಗೆ ಹೋಗಿ ಓದಿದ್ದು ಕಡಿಮೆ. 1935ರಲ್ಲಿ ಅಲಹಾಬಾದಿನ ಸಂಗೀತ ಸಮ್ಮೇಳನದಲ್ಲಿ, 1936ರಲ್ಲಿ ಮುಂಬಯಿಯ ಜಿನ್ನಾ ಹಾಲಿನಲ್ಲಿ ಹಾಡಿದಾಗ ಇನ್ನೂ 12 ವರ್ಷ ತುಂಬಿರಲಿಲ್ಲ. ಕೇಳಿದವರು ದಂಗಾಗಿಹೋದರು. ದೇಶಕ್ಕೆಲ್ಲಾ ಹೆಸರು ಗೊತ್ತಾಯಿತು.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಬರೀ ಬಹುಮಾನದ ಕಥೆ ಆಗ್ತಿತ್ತು. ಆದರೆ ಸ್ನೇಹಿತರೆ, ನನಗೆ ಮುಖ್ಯ ಅನಿಸಿದ್ದು ಆಮೇಲಿನ ವಿಷಯ.

ಒಂದು ರಾಗವನ್ನು ದೊಡ್ಡವರು ಒಂದು ಗಂಟೆ ಹೊತ್ತು ಬೆಳೆಸಿ ಹಾಡ್ತಾರೆ. ಪ್ರತಿ ಸಲವೂ ಬೇರೆ ಬೇರೆ ದಾರಿಯಲ್ಲಿ ಹೋಗ್ತಾರೆ. ಗ್ರಾಮಫೋನ್ ತಟ್ಟೆಯಲ್ಲಿರೋದು ಅದರ ಮೂರು ನಿಮಿಷ ಮಾತ್ರ. ಅದನ್ನು ಬಾಯಿಪಾಠ ಮಾಡಿದವನಿಗೆ ಆ ಮೂರು ನಿಮಿಷ ಬರುತ್ತೆ, ರಾಗ ಬರೋದಿಲ್ಲ. ಗಣಿತದಲ್ಲಿ ಗೈಡ್ ನೋಡಿ ಲೆಕ್ಕ ಬಾಯಿಪಾಠ ಮಾಡಿದ ಹಾಗೆ. ಅಂಕಿ ಬದಲಾಯಿಸಿದರೆ ಪೆನ್ನು ನಿಂತುಹೋಗುತ್ತೆ.

ಹೀಗಾಗಿ ಅಷ್ಟು ಹೆಸರು ಬಂದ ಮೇಲೂ ಹುಡುಗನನ್ನು 1936ರಲ್ಲಿ ಮುಂಬಯಿಯ ಬಿ. ಆರ್. ದೇವಧರ್ ಎಂಬ ಗುರುಗಳ ಸಂಗೀತ ಶಾಲೆಗೆ ಸೇರಿಸಿದರು. ದೇವಧರರು ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರು. ಒಂದೇ ಘರಾಣೆಗೆ ಅಂಟಿಕೊಳ್ಳದೆ ಎಲ್ಲಾ ಕಡೆಯಿಂದಲೂ ಒಳ್ಳೆಯದನ್ನು ಕೂಡಿಸಿಕೊಂಡವರು. ಊರೂರಲ್ಲಿ ಚಪ್ಪಾಳೆ ಗಿಟ್ಟಿಸಿದ್ದ ಹುಡುಗ ಅಲ್ಲಿ ಮತ್ತೆ ನೆಲದ ಮೇಲೆ ಕೂತು ವಿದ್ಯಾರ್ಥಿಯಾದ. ಸುಮಾರು ಹತ್ತು ವರ್ಷ ಕಲಿತರು. ಆಮೇಲೆ ಅದೇ ಶಾಲೆಯಲ್ಲಿ ಪಾಠವನ್ನೂ ಹೇಳಿದರು.

1947ರಲ್ಲಿ ಅಲ್ಲೇ ಕಲಿಯುತ್ತಿದ್ದ ಭಾನುಮತಿಯವರನ್ನು ಮದುವೆಯಾದರು. ಅಷ್ಟರಲ್ಲೇ ಕ್ಷಯ ರೋಗ ಅಂಟಿಕೊಂಡಿತು. ಆಗ ವಯಸ್ಸು ಬರೀ 23. ಒಣ ಹವೆ ಇರೋ ಊರು ಬೇಕೆಂದು 1948ರಲ್ಲಿ ಗಂಡ ಹೆಂಡತಿ ಮಧ್ಯಪ್ರದೇಶದ ದೇವಾಸ್ ಎಂಬ ಊರಿಗೆ ಹೋದರು. ಅಲ್ಲಿ ಐದು ವರ್ಷದ ಹತ್ತಿರ ಹಾಸಿಗೆಯೇ ಗತಿ. ವೈದ್ಯರು ಹಾಡಬಾರದು ಅಂದುಬಿಟ್ಟಿದ್ದರು. ಭಾನುಮತಿಯವರು ಶಾಲೆಯಲ್ಲಿ ಕೆಲಸ ಮಾಡಿ ಮನೆ ನಡೆಸಿದರು, ಗಂಡನ ಆರೈಕೆಯನ್ನೂ ಮಾಡಿದರು.

ನನಗೆ ಒಂದು ವರ್ಷ ಹಾಡದೆ ಇದ್ದಿದ್ದೇ ದೊಡ್ಡ ಕಷ್ಟ ಅನಿಸಿತ್ತು. ಹಾಡೇ ಜೀವ ಆಗಿದ್ದವರು ಐದು ವರ್ಷ ಬಾಯಿ ಮುಚ್ಚಿಕೊಂಡು ಮಲಗಿದ್ದರು ಅಂದರೆ ಹೇಗಿದ್ದಿರಬೇಕು, ಯೋಚನೆ ಮಾಡಿ.

ಆದರೆ ಕಿವಿ ಸುಮ್ಮನಿರಲಿಲ್ಲ. ಅಲ್ಲಿನ ಹೆಂಗಸರು ಹಾಡೋ ಜಾನಪದ ಹಾಡುಗಳು, ನಾಥಪಂಥದ ಜೋಗಿಗಳು ಹಾಡೋ ಕಬೀರನ ಪದಗಳು ಕಿವಿಗೆ ಬೀಳ್ತಿದ್ದವು. ನಾಲ್ಕೈದು ಸ್ವರದ ಹಳ್ಳಿ ಹಾಡಿನಲ್ಲೇ ರಾಗದ ಬೇರು ಇದೆ ಅಂತ ಅವರಿಗೆ ಅನಿಸಿತು. ಆ ಹಾಡುಗಳನ್ನು ಕೂಡಿಸಿ ಸ್ವರ ಹಾಕಿ ಬರೆದಿಟ್ಟುಕೊಂಡರು. ಮೊದಲು ಗ್ರಾಮಫೋನ್ ಕೇಳಿದ್ದು ಅದರ ಹಾಗೆ ಹಾಡೋದಕ್ಕೆ. ಈಗ ಕೇಳಿದ್ದು ಒಳಗೆ ಏನಿದೆ ಅಂತ ತಿಳಿಯೋದಕ್ಕೆ.

ಅಮೆರಿಕದಲ್ಲಿ 1943ರಲ್ಲಿ ಕಂಡುಹಿಡಿದಿದ್ದ ಸ್ಟ್ರೆಪ್ಟೊಮೈಸಿನ್ ಎಂಬ ಔಷಧಿ ಕೊನೆಗೆ ನಮ್ಮ ದೇಶದಲ್ಲೂ ಸಿಗುವಂತಾಯಿತು. ಅದರಿಂದ ಜೀವ ಉಳಿಯಿತು. ಆದರೆ ಒಂದು ಶ್ವಾಸಕೋಶ ಕೆಲಸಕ್ಕೆ ಬಾರದೆ ಹೋಯಿತು. 1953ರಲ್ಲಿ ಮತ್ತೆ ಹಾಡಲು ಕೂತಾಗ ಉಸಿರು ಮೊದಲಿನಷ್ಟು ಇರಲಿಲ್ಲ. ಇರೋ ಉಸಿರಿಗೆ ತಕ್ಕ ಹಾಗೆ ಚಿಕ್ಕ ಚಿಕ್ಕ ತುಂಡಾಗಿ, ಮಧ್ಯೆ ಮಧ್ಯೆ ನಿಲ್ಲಿಸಿ, ತಟ್ಟನೆ ಮೇಲಕ್ಕೆ ಹಾರಿ ಹಾಡಿದರು. ಆ ರೀತಿ ಯಾರ ತಟ್ಟೆಯಲ್ಲೂ ಇರಲಿಲ್ಲ. ಅದು ಅವರದ್ದೇ. ಹಳ್ಳಿ ಹಾಡುಗಳಿಂದ ಹೊಸ ರಾಗಗಳನ್ನೂ ಕಟ್ಟಿದರು. ಗಾಂಧೀಜಿಯವರ ನೆನಪಿಗೆ ಗಾಂಧಿ ಮಲ್ಹಾರ್ ಎಂಬ ರಾಗ ಮಾಡಿದರು. ಕಬೀರನ ನಿರ್ಗುಣ ಪದಗಳನ್ನು ಅವರು ಹಾಡಿದ ಮೇಲೆ ಅವು ದೇಶದಲ್ಲೆಲ್ಲಾ ಮನೆಮಾತಾದವು. ಹೀಗೆ ಹೊಸದು ಮಾಡಿದ್ದಕ್ಕೆ ಸಂಪ್ರದಾಯದವರು ಕೆಲವರು ಒಪ್ಪದೆಯೂ ಇದ್ದರು.

ಇನ್ನೊಂದು ವಿಷಯ ಹೇಳಲೇಬೇಕು. ಮರಾಠಿ ನಾಟಕರಂಗದಲ್ಲಿ ಬಾಲಗಂಧರ್ವ ಎಂಬ ಬಹಳ ದೊಡ್ಡ ನಟಗಾಯಕರು ಇದ್ದರು. ಅವರ ನಾಟಕದ ಪದಗಳನ್ನು ಅವರ ಹಾಗೇ ಅನುಕರಣೆ ಮಾಡೋರು ಎಷ್ಟೋ ಜನ. ಚಿಕ್ಕಂದಿನಲ್ಲಿ ಅನುಕರಣೆಯಿಂದಲೇ ಹೆಸರು ಮಾಡಿದ್ದ ಕುಮಾರ ಗಂಧರ್ವರು ದೊಡ್ಡವರಾದ ಮೇಲೆ ಅವೇ ಪದಗಳ ಒಂದು ಕಾರ್ಯಕ್ರಮ ಮಾಡಿದರು. ನನಗೆ ಅರ್ಥವಾದ ಬಾಲಗಂಧರ್ವ ಅನ್ನೋ ಅರ್ಥ ಬರುವಂತೆ ಅದಕ್ಕೆ ಮರಾಠಿಯಲ್ಲಿ ಹೆಸರಿಟ್ಟರು. ಹಾಡು ಅವರದು, ಅರ್ಥ ಮಾಡಿಕೊಂಡಿದ್ದು ತಾವು. ಇದನ್ನು ಓದಿದಾಗ ಮೇಷ್ಟ್ರು ನನಗೇ ಯಾಕೆ ಬರೆಯೋಕೆ ಹೇಳಿದರು ಅನ್ನೋದು ಹೊಳೆಯಿತು.

ಅವರ ಜೀವನದಲ್ಲಿ ದುಃಖ ಮತ್ತೆ ಬಂತು. 1961ರಲ್ಲಿ ಭಾನುಮತಿಯವರು ತೀರಿಕೊಂಡರು. ಮರುವರ್ಷ ವಸುಂಧರಾ ಎಂಬ ಗಾಯಕಿಯನ್ನು ಮದುವೆಯಾದರು. ಮಗ ಮುಕುಲ್ ಶಿವಪುತ್ರ, ಮಗಳು ಕಲಾಪಿನಿ ಇಬ್ಬರೂ ಹಾಡುಗಾರರಾದರು. ಸರ್ಕಾರ 1977ರಲ್ಲಿ ಪದ್ಮಭೂಷಣ, 1990ರಲ್ಲಿ ಪದ್ಮವಿಭೂಷಣ ಕೊಟ್ಟಿತು. 1992ರ ಜನವರಿ 12ರಂದು ದೇವಾಸ್‌ನಲ್ಲಿ ತಮ್ಮ 67ನೇ ವಯಸ್ಸಿನಲ್ಲಿ ನಿಧನರಾದರು.

ಮೇಷ್ಟ್ರು ತಮ್ಮ ಮೊಬೈಲಿನಲ್ಲಿ ಅವರ ಹಾಡು ಹಾಕಿ ಕೇಳಿಸಿದರು. ಮೊದಲ ಸಲ ಏನೂ ಅರ್ಥ ಆಗಲಿಲ್ಲ. ಮೂರನೇ ಸಲ ಕೇಳುವಾಗ ಅವರು ಉಸಿರು ನಿಲ್ಲಿಸೋ ಜಾಗಗಳು ಗೊತ್ತಾದವು. ಅವು ಕೊರತೆ ಅನಿಸಲೇ ಇಲ್ಲ, ಅಲ್ಲೇ ಚೆಂದ ಇತ್ತು.

ನಮ್ಮ ಮನೆಯಲ್ಲಿ ತಾತ ಭಜನೆ ಮಂಡಳಿಗೆ ಹಾರ್ಮೋನಿಯಂ ನುಡಿಸ್ತಾರೆ. ಮೊದಲು ನಾನು ಕಪ್ಪು ನಾಲ್ಕರ ಶ್ರುತಿಯಲ್ಲಿ ಹಾಡ್ತಿದ್ದೆ. ಹೋದ ಶನಿವಾರ ಪಕ್ಕದ ಮನೆಯ ಮಗ್ಗ ನಿಂತ ಮೇಲೆ ತಾತನ ಹತ್ತಿರ ಕೂತು, ಕಪ್ಪು ಒಂದಕ್ಕೆ ಇಳಿಸಿಕೊಂಡು ಹಾಡಿ ನೋಡಿದೆ. ಗಂಟಲು ದಪ್ಪಗಿದೆ, ಒಂದೆರಡು ಕಡೆ ಒಡೆಯುತ್ತೆ. ಆದರೂ ಹಾಡು ಕೂತಿತು. ತಾತ ಏನೂ ಹೇಳದೆ ಇನ್ನೊಂದು ಪದ ನುಡಿಸೋಕೆ ಶುರು ಮಾಡಿದರು.

ಬರುವ ಜನವರಿ 26ಕ್ಕೆ ನಾನು ಹೆಸರು ಕೊಟ್ಟಿದ್ದೇನೆ. ಮೊಬೈಲಿನ ಹಾಗೆ ಹಾಡೋಕೆ ನನಗೆ ಈಗ ಬರೋದಿಲ್ಲ, ನನ್ನ ಹಾಗೆ ಹಾಡ್ತೀನಿ. ನಗೋರು ನಗಬಹುದು, ಆದರೆ ಪೂರ್ತಿ ಕೇಳಿ ನಗಿ.

ಬರೆದಿದ್ದರಲ್ಲಿ ಅಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದಿ.

ಇಂತಿ ನಿಮ್ಮ ಗೆಳೆಯ,
10ನೇ ತರಗತಿ