ಹುಣಸೆ ಹುಳಿಯ ಗುಟ್ಟು ಬಿಚ್ಚಿದ ಚರ್ಮಗಾರನ ಮಗ ಲೂಯಿ ಪಾಶ್ಚರ್



ಸಂಘದ ವಾರ್ಷಿಕೋತ್ಸವದ ಸಂಚಿಕೆ ಅಂದರೆ ಬಾಬಾಸಾಹೇಬರು, ಜ್ಯೋತಿಬಾ ಫುಲೆ, ಸಾವಿತ್ರಿಬಾಯಿ ಇವರ ಜೀವನ ಓದೋದು ನಿಮಗೆಲ್ಲ ರೂಢಿ. ಈ ಸಲ ಫ್ರಾನ್ಸ್ ದೇಶದ ಒಬ್ಬರ ಬಗ್ಗೆ ಬರೆದಿದ್ದೇನೆ. ಹೆಸರು ನಿಮಗೆ ಹೊಸದಲ್ಲ. ಹುಚ್ಚುನಾಯಿ ಕಡಿದರೆ ಹಾಕಿಸೋ ಇಂಜೆಕ್ಷನ್ನು ಕಂಡುಹಿಡಿದ ಲೂಯಿ ಪಾಶ್ಚರ್. ಹಾಲಿನ ಪ್ಯಾಕೆಟ್ಟಿನ ಮೇಲೆ ದಿನಾ ಅವರ ಹೆಸರು ನಮ್ಮ ಮನೆಗೆ ಬರುತ್ತೆ. ಆದರೆ ಶಾಲೆಯಲ್ಲಿ ಅಷ್ಟಾಗಿ ಹೇಳಿಕೊಡದ ಎರಡು ಸಂಗತಿ ಇವೆ. ಒಂದು, ಅವರು ಚರ್ಮ ಹದ ಮಾಡುವವರ ಮಗ. ಎರಡು, ಅವರ ಮೊದಲ ದೊಡ್ಡ ಶೋಧನೆ ರೋಗದ್ದಲ್ಲ, ಹುಳಿಯದ್ದು. ಹಿಂದೂಪುರದ ಮಂಡಿಗೆ ಮೂಟೆ ಮೂಟೆ ಬಂದು ಬೀಳುವ ಹುಣಸೆಹಣ್ಣಿನಲ್ಲಿ ಇರುವ ಅದೇ ಹುಳಿ.

ಹದದ ತೊಟ್ಟಿಯ ಪಕ್ಕದ ಮನೆ

ಲೂಯಿ ಪಾಶ್ಚರ್ ಹುಟ್ಟಿದ್ದು 1822ರ ಡಿಸೆಂಬರ್ 27ರಂದು, ಡೋಲ್ ಎಂಬ ಸಣ್ಣ ಊರಿನಲ್ಲಿ. ತಂದೆ ಜಾನ್ ಜೋಸೆಫ್, ನೆಪೋಲಿಯನ್ ಸೈನ್ಯದಲ್ಲಿ ಸಾರ್ಜೆಂಟ್ ಆಗಿದ್ದು ಪದಕ ಪಡೆದು ಬಂದವರು. ಸೈನ್ಯ ಬಿಟ್ಟ ಮೇಲೆ ತಲೆತಲಾಂತರದ ಕಸುಬಿಗೇ ಮರಳಿದರು. ಮಗ ಇನ್ನೂ ಚಿಕ್ಕವನಿರುವಾಗಲೇ ಸಂಸಾರ ಆರ್ಬ್ವಾ ಎಂಬ ಊರಿಗೆ ಬಂತು. ಹೊಳೆಯ ದಂಡೆಯ ಮೇಲೆ ಮನೆ, ಮನೆಗೆ ಅಂಟಿಕೊಂಡೇ ಹದದ ತೊಟ್ಟಿಗಳು. ನಮ್ಮ ಹಿರಿಯರು ತಂಗಡಿ ತೊಗಟೆ ಹಾಕಿ ಚರ್ಮ ನೆನೆಸುತ್ತಿದ್ದ ಹಾಗೆ ಅವರು ಓಕ್ ಮರದ ತೊಗಟೆ ಹಾಕಿ ನೆನೆಸುತ್ತಿದ್ದರು. ತೊಗಟೆ ಬೇರೆ, ಕೆಲಸ ಒಂದೇ, ವಾಸನೆಯೂ ಒಂದೇ.

ಹುಡುಗ ಲೂಯಿ ಶಾಲೆಯಲ್ಲಿ ಮೊದಲನೆಯವನಲ್ಲ, ಸಾಧಾರಣದವನು. ಚಿತ್ರ ಮಾತ್ರ ಚೆನ್ನಾಗಿ ಬರೆಯುತ್ತಿದ್ದ. ತಂದೆಯದು ಒಂದೇ ಹಟ, ಮಗ ಓದಲೇಬೇಕು. 1838ರಲ್ಲಿ ಪ್ಯಾರಿಸ್‌ಗೆ ಕಳಿಸಿದರು. ಹುಡುಗನಿಗೆ ಮನೆಯ ನೆನಪು ಹತ್ತಿ, ಕೆಲವೇ ವಾರದಲ್ಲಿ ತಂದೆ ಹೋಗಿ ವಾಪಸ್ ಕರೆದುಕೊಂಡು ಬರಬೇಕಾಯ್ತು. ಹಾಸ್ಟೆಲಿಗೆ ಹೋಗಿ ಅತ್ತುಕೊಂಡು ಬಸ್ ಹತ್ತಿ ಮನೆಗೆ ಬಂದ ತಮ್ಮಂದಿರೆ, ನಿಮಗೊಬ್ಬ ಜೊತೆಗಾರ ಇದ್ದಾನೆ ಅಂತ ತಿಳಿಯಿರಿ. 1842ರಲ್ಲಿ ಡಿಗ್ರಿ ಪರೀಕ್ಷೆ ಪಾಸಾದಾಗ ಕೆಮಿಸ್ಟ್ರಿಯಲ್ಲಿ ಸಿಕ್ಕಿದ್ದು ಸಾಧಾರಣ ದರ್ಜೆ. ಅದೇ ವರ್ಷ ಪ್ಯಾರಿಸ್‌ನ ಎಕೋಲ್ ನಾರ್ಮಾಲ್ ಎಂಬ ದೊಡ್ಡ ವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಸೀಟು ಬಂದರೂ ರ‍್ಯಾಂಕು ಕಡಿಮೆ ಅಂತ ಬಿಟ್ಟುಕೊಟ್ಟು, ಇನ್ನೊಂದು ವರ್ಷ ಓದಿ, ಮೇಲಿನ ರ‍್ಯಾಂಕು ತೆಗೆದು 1843ರಲ್ಲಿ ಸೇರಿದರು.

ಎರಡು ಹುಳಿ, ಒಂದು ಒಗಟು

ಹುಣಸೆಹಣ್ಣಿನಲ್ಲಿ ಟಾರ್ಟಾರಿಕ್ ಆಮ್ಲ ಇದೆ ಅಂತ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೀರಿ. ತಿರುಳಿನಲ್ಲಿ ನೂರಕ್ಕೆ 8ರಿಂದ 18 ಪಾಲು ಇರುತ್ತೆ. ಬೇಸಿಗೆ ಪೂರಾ ನಮ್ಮ ಅಕ್ಕಂದಿರು ಹುಣಸೆ ಬಡಿದು, ಬೀಜ ತೆಗೆದು, ನಾರು ಬಿಡಿಸುವಾಗ ಬೆರಳ ಸಂದಿ ಉರಿಯೋದು ಈ ಹುಳಿಯಿಂದಲೇ. ಹಿತ್ತಾಳೆ ಚೊಂಬು ಬೆಳಗೋದೂ ಇದರಿಂದಲೇ. ಫ್ರಾನ್ಸಿನಲ್ಲಿ ಇದೇ ಆಮ್ಲ ದ್ರಾಕ್ಷಿ ರಸದ ಪೀಪಾಯಿಯಲ್ಲಿ ಗಸಿಯಾಗಿ ಕೂರುತ್ತಿತ್ತು.

ಅಲ್ಲಿನ ಒಂದು ಕಾರ್ಖಾನೆಯಲ್ಲಿ ಈ ಆಮ್ಲದ ಜೊತೆ ಇನ್ನೊಂದು ಆಮ್ಲವೂ ಸಿಕ್ಕಿತು. ಅದರಲ್ಲೂ ಅವೇ ಧಾತುಗಳು, ಅಷ್ಟಷ್ಟೇ ಪ್ರಮಾಣ, ತೂಕವೂ ಅಷ್ಟೇ. ವ್ಯತ್ಯಾಸ ಒಂದೇ. ಬೆಳಕಿನ ಅಲೆ ಒಂದೇ ದಿಕ್ಕಿನಲ್ಲಿ ಅಲುಗುವ ಹಾಗೆ ಸೋಸಿ, ಆ ಬೆಳಕನ್ನು ದ್ರಾವಣದ ಮೂಲಕ ಹಾಯಿಸಿದರೆ, ದ್ರಾಕ್ಷಿಯ ಆಮ್ಲ ಅದನ್ನು ಬಲಕ್ಕೆ ತಿರುಗಿಸುತ್ತಿತ್ತು. ಕಾರ್ಖಾನೆಯ ಆಮ್ಲ ಯಾವ ಕಡೆಗೂ ತಿರುಗಿಸುತ್ತಿರಲಿಲ್ಲ. ಎಲ್ಲ ಒಂದೇ ಆದರೆ ಈ ವ್ಯತ್ಯಾಸ ಎಲ್ಲಿಂದ ಬಂತು? ಜರ್ಮನಿಯ ಮಿಚರ್ಲಿಕ್ ಎಂಬ ಹಿರಿಯ ವಿಜ್ಞಾನಿ 1844ರಲ್ಲಿ ಎರಡರ ಹರಳುಗಳನ್ನೂ ನೋಡಿ, ಬೇರೆ ಎಲ್ಲದರಲ್ಲೂ ಒಂದೇ ಥರ ಇವೆ ಅಂತ ಬರೆದು ಕೈಬಿಟ್ಟಿದ್ದರು.

1848. ಪಾಶ್ಚರ್‌ಗೆ 25 ವರ್ಷ. ಸೋಡಿಯಂ, ಅಮೋನಿಯಂ ಸೇರಿಸಿ ಆ ಆಮ್ಲದ ಲವಣ ಮಾಡಿ, ಹರಳು ಕಟ್ಟಿಸಿ, ಒಂದೊಂದನ್ನೇ ಕಣ್ಣಿಟ್ಟು ನೋಡಿದರು. ಪ್ರತಿ ಹರಳಿನ ಅಂಚಿನಲ್ಲಿ ಒಂದು ಸಣ್ಣ ಓರೆಮುಖ ಇತ್ತು. ದ್ರಾಕ್ಷಿ ಆಮ್ಲದ ಹರಳುಗಳಲ್ಲಿ ಎಲ್ಲ ಓರೆಮುಖಗಳೂ ಒಂದೇ ಕಡೆಗೆ. ಕಾರ್ಖಾನೆ ಆಮ್ಲದಲ್ಲಿ ಓರೆಮುಖ ಇರಲ್ಲ ಅಂದುಕೊಂಡಿದ್ದರು. ನೋಡಿದರೆ ಅಲ್ಲೂ ಇತ್ತು, ಆದರೆ ಕೆಲವು ಹರಳಲ್ಲಿ ಬಲಕ್ಕೆ, ಕೆಲವದರಲ್ಲಿ ಎಡಕ್ಕೆ. ಅಕ್ಕಿಯಲ್ಲಿ ಕಲ್ಲು ಆರಿಸೋ ಹಾಗೆ ಕೂತು ಹರಳು ಆರಿಸಿ ಎರಡು ಗುಡ್ಡೆ ಮಾಡಿದರು. ನೀರಲ್ಲಿ ಕರಗಿಸಿ ಬೆಳಕು ಹಾಯಿಸಿದರೆ ಒಂದು ಗುಡ್ಡೆ ಬಲಕ್ಕೆ ತಿರುಗಿಸಿತು, ಇನ್ನೊಂದು ಅಷ್ಟೇ ಮಟ್ಟಿಗೆ ಎಡಕ್ಕೆ. ಎರಡನ್ನೂ ಸಮಸಮ ಕಲಸಿದರೆ ಯಾವ ಕಡೆಗೂ ಇಲ್ಲ. ಒಗಟು ಬಿಡಿಸಿತು.

ಈ ವಿಷಯದಲ್ಲಿ ಆಗ ಎಲ್ಲರಿಗೂ ಗುರು ಅನಿಸಿಕೊಂಡಿದ್ದವರು 74 ವರ್ಷದ ಬಿಯೊ. ಅವರು ಸುಮ್ಮನೆ ನಂಬಲಿಲ್ಲ. ತಮ್ಮ ಬಳಿ ಇದ್ದ ಆಮ್ಲವನ್ನೇ ಕೊಟ್ಟು, ತಮ್ಮ ಕಣ್ಣೆದುರಿಗೇ ಮಾಡಿ ತೋರಿಸು ಅಂದರು. ಚರ್ಮಗಾರನ ಮಗ ಮಾಡಿ ತೋರಿಸಿದ. ಮುದುಕರು ಕಣ್ಣು ತುಂಬಿಕೊಂಡು ಒಪ್ಪಿದರು. ಯಾರ ಮಗ, ಯಾವ ಕೇರಿ ಅಂತ ಅಲ್ಲಿ ಪರೀಕ್ಷೆ ಆಗಲಿಲ್ಲ, ಹರಳಿನದಷ್ಟೇ ಪರೀಕ್ಷೆ ಆಯ್ತು.

ಒಂದು ಮಾತು ಸೇರಿಸಬೇಕು. ಆ ಲವಣ ಸುಮಾರು 28 ಡಿಗ್ರಿಗಿಂತ ಕಡಿಮೆ ಬಿಸಿ ಇದ್ದಾಗ ಮಾತ್ರ ಹೀಗೆ ಎಡ ಬಲ ಬೇರೆಬೇರೆಯಾಗಿ ಹರಳು ಕಟ್ಟುತ್ತೆ. ಪ್ಯಾರಿಸ್‌ನ ಚಳಿ ಸಹಾಯ ಮಾಡಿತು. ಕಲ್ಯಾಣದುರ್ಗದ ಏಪ್ರಿಲ್ ತಿಂಗಳಲ್ಲಿ ಕೂತಿದ್ದರೆ ಏನೂ ಕಾಣುತ್ತಿರಲಿಲ್ಲ. ಅದೃಷ್ಟ ಇತ್ತು ನಿಜ. ಆದರೆ ಅದೇ ಅದೃಷ್ಟ ಮಿಚರ್ಲಿಕ್‌ಗೂ ಇತ್ತು, ಅವರು ಓರೆಮುಖ ನೋಡಲಿಲ್ಲ.

ಎಡ, ಬಲ ಅಂದರೆ ಏನು?

ಎಡಗೈ, ಬಲಗೈ ಅಂದ ಕೂಡಲೇ ನಮ್ಮಲ್ಲಿ ಬೇರೆ ಅರ್ಥ ಬರುತ್ತೆ, ನಗಬೇಡಿ. ಇಲ್ಲಿ ಹೇಳೋದು ನಿಜವಾದ ಕೈಯ ಮಾತು. ಎರಡು ಕೈ ಜೋಡಿಸಿದರೆ ಬೆರಳಿಗೆ ಬೆರಳು ಕೂಡುತ್ತೆ. ಒಂದರ ಮೇಲೊಂದು ಇಟ್ಟರೆ ಹೆಬ್ಬೆರಳು ಆ ಕಡೆ, ಈ ಕಡೆ. ಚಪ್ಪಲಿ ಹೊಲಿಯುವ ಮನೆಯವರಿಗೆ ಇದು ಬೇಗ ತಿಳಿಯುತ್ತೆ. ಎಡಗಾಲಿನ ಅಚ್ಚು, ಬಲಗಾಲಿನ ಅಚ್ಚು ಎರಡಕ್ಕೂ ಅಷ್ಟೇ ಚರ್ಮ, ಅಷ್ಟೇ ಮೊಳೆ, ಅಷ್ಟೇ ದಾರ. ಆದರೂ ಎಡದ್ದನ್ನು ಬಲಗಾಲಿಗೆ ಹಾಕಿದರೆ ನಡೆಯೋಕಾಗಲ್ಲ. ಕಣ್ಣಿಗೆ ಕಾಣದ ಅಣುಗಳಲ್ಲೂ ಹೀಗೇ ಎಡ ಬಲ ಇದೆ ಅಂತ ಮೊದಲು ತೋರಿಸಿದವರು ಪಾಶ್ಚರ್. ಅದು ಹೇಗೆ ಆಗುತ್ತೆ ಅಂತ 1874ರಲ್ಲಿ ವ್ಯಾಂಟ್ ಹಾಫ್, ಲೆ ಬೆಲ್ ಎಂಬ ಇಬ್ಬರು ಯುವಕರು ಬೇರೆಬೇರೆಯಾಗಿ ವಿವರಿಸಿದರು. ಇಂಗಾಲದ ಒಂದು ಪರಮಾಣುವಿಗೆ ನಾಲ್ಕು ದಿಕ್ಕಿಗೆ ನಾಲ್ಕು ಬೇರೆಬೇರೆ ಗುಂಪು ಅಂಟಿಕೊಂಡರೆ, ಅದನ್ನು ಎರಡು ಥರ ಜೋಡಿಸಬಹುದು. ಒಂದು ಇನ್ನೊಂದರ ಕನ್ನಡಿ ಬಿಂಬ.

ಜೀವಕ್ಕೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಒಂದು ಬೂಷ್ಟು ಈ ಎಡಬಲ ಬೆರೆತ ಲವಣದಲ್ಲಿ ಬಲದ್ದನ್ನು ಮಾತ್ರ ತಿಂದು ಎಡದ್ದನ್ನು ಉಳಿಸುವುದನ್ನು ಪಾಶ್ಚರ್ ಕಂಡರು. ಹುಳಿಯಿಂದ ಸೂಕ್ಷ್ಮಜೀವಿಯ ಕಡೆಗೆ ಅವರು ತಿರುಗಿದ್ದಕ್ಕೆ ಇಂಥ ಪ್ರಯೋಗಗಳೂ ಕಾರಣ.

ನಮ್ಮ ಮೈಯೂ ಹಾಗೇ. ಟಿ.ಬಿ. ಬಂದವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಎಥಾಂಬುಟಾಲ್ ಮಾತ್ರೆಯಲ್ಲಿ ಒಂದು ಕೈಯ ಅಣುವಿಗೆ ಮಾತ್ರ ಆ ಕ್ರಿಮಿಯನ್ನು ತಡೆಯುವ ಶಕ್ತಿ. ಅದರ ಕನ್ನಡಿ ಬಿಂಬಕ್ಕೆ ಹೆಚ್ಚುಕಡಿಮೆ ಏನೂ ಇಲ್ಲ. ಲ್ಯಾಬಿನಲ್ಲಿ ಸುಮ್ಮನೆ ತಯಾರಿಸಿದರೆ ಎಡ ಬಲ ಅರ್ಧಂಬರ್ಧ ಬರುತ್ತೆ. ಬೇಕಾದ ಕೈಯದ್ದನ್ನೇ ಪಡೆಯೋದು ಹೇಗೆ? ಪಾಶ್ಚರ್ ಅವರೇ 1853ರಲ್ಲಿ ಒಂದು ದಾರಿ ತೋರಿಸಿದರು. ಬೆರೆತದ್ದರ ಜೊತೆ ಒಂದೇ ಕೈಯ ಇನ್ನೊಂದು ಪದಾರ್ಥ ಸೇರಿಸಿದರೆ, ಎರಡು ಜೋಡಿಗಳು ಬೇರೆಬೇರೆ ಗುಣ ಪಡೆದು ಬಿಡಿಸಲು ಬರುತ್ತವೆ. ಬಲಗೈ ಕೈಗವಸಿಗೆ ಬಲಗೈ ಮಾತ್ರ ಸರಿಯಾಗಿ ಹೋಗುವ ಹಾಗೆ. ಎಥಾಂಬುಟಾಲ್‌ಗೆ ಬೇಕಾದ ಮೂಲ ಇಟ್ಟಿಗೆಯನ್ನು ಹೀಗೆ ಬೇರ್ಪಡಿಸೋಕೆ ಬಳಸುವ ಹೆಸರಾದ ಪದಾರ್ಥ ಯಾವುದು ಗೊತ್ತಾ? ಅದೇ ಟಾರ್ಟಾರಿಕ್ ಆಮ್ಲ.

ಗಿಡಮರಗಳು ತಯಾರಿಸುವ ಔಷಧಿಗಳನ್ನು ಲ್ಯಾಬಿನಲ್ಲಿ ಕಟ್ಟಬೇಕಾದರೆ ಪ್ರತಿ ಇಟ್ಟಿಗೆಯೂ ಸರಿಯಾದ ಕೈಯದ್ದೇ ಆಗಿರಬೇಕು. ಅರ್ಧ ಮಾಡಿ ಅರ್ಧ ಎಸೆಯೋ ಬದಲು ಮೊದಲಿಂದಲೇ ಒಂದೇ ಕೈಯದ್ದನ್ನು ಕಟ್ಟುವ ವಿದ್ಯೆ ಬೆಳೆಯಿತು. 1980ರಲ್ಲಿ ಅಮೆರಿಕದ ಶಾರ್ಪ್‌ಲೆಸ್ ಎಂಬುವರು ಟಾರ್ಟಾರಿಕ್ ಆಮ್ಲದಿಂದ ಮಾಡಿದ ಪದಾರ್ಥವನ್ನು ಟೈಟಾನಿಯಂ ಜೊತೆ ಸೇರಿಸಿ, ಅದು ಕೈಹಿಡಿದು ನಡೆಸಿದ ಕಡೆಗೇ ಅಣು ಕಟ್ಟಿಕೊಳ್ಳುವಂತೆ ಮಾಡಿದರು. ಇಂಥ ಕೆಲಸಕ್ಕೆ 2001ರಲ್ಲಿ ನೋಬೆಲ್ ಬಂತು. ಕಾರ್ಖಾನೆಗಳ ಟಾರ್ಟಾರಿಕ್ ಆಮ್ಲ ಹೆಚ್ಚಾಗಿ ದ್ರಾಕ್ಷಿ ಗಸಿಯಿಂದಲೇ ಬರೋದು. ಆದರೆ ನಮ್ಮ ಹುಣಸೆಮರ ಮಾಡೋದೂ ಅದೇ ಕೈಯದ್ದನ್ನೇ. ಯಾವ ಟೈಟಾನಿಯಮ್ಮೂ ಇಲ್ಲದೆ, ಬರಗಾಲದಲ್ಲೂ.

ರೇಷ್ಮೆ, ಕುರಿ, ನಾಯಿ

ಮುಂದಿನ ಜೀವನ ನಿಮಗೆ ಸ್ವಲ್ಪ ಗೊತ್ತಿರೋದೇ, ಬೇಗ ಹೇಳ್ತೀನಿ. 1849ರಲ್ಲಿ ಮರಿ ಲೋರಾನ್ ಅವರೊಂದಿಗೆ ಮದುವೆ. ಐದು ಮಕ್ಕಳಲ್ಲಿ ಮೂವರು ಚಿಕ್ಕವರಿರುವಾಗಲೇ ತೀರಿಕೊಂಡರು, ಇಬ್ಬರು ಟೈಫಾಯ್ಡ್‌ನಿಂದ. 1868ರಲ್ಲಿ ಪಾರ್ಶ್ವವಾಯು ಹೊಡೆದು ಎಡಭಾಗ ಬಿದ್ದಿತು. ಆಗ ಅವರಿಗೆ 45. ಮುಖ್ಯ ಕೆಲಸಗಳಲ್ಲಿ ಎಷ್ಟೋ ಅದಾದ ಮೇಲೆ ಆದವು.

ಹಿಂದೂಪುರದ ಗೂಡಿನ ಮಾರುಕಟ್ಟೆಗೆ ಹೋಗುವವರು ಇದನ್ನು ನೆನಪಿಡಿ. 1865ರಿಂದ ಐದು ವರ್ಷ ಪಾಶ್ಚರ್ ರೇಷ್ಮೆಹುಳದ ಪೆಬ್ರಿನ್ ರೋಗದ ಹಿಂದೆ ಬಿದ್ದರು. ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗದ ಕಣ ಕಂಡರೆ ಆ ಮೊಟ್ಟೆ ಸುಟ್ಟುಬಿಡಿ ಅಂದರು. ಇವತ್ತಿಗೂ ರೋಗವಿಲ್ಲದ ಮೊಟ್ಟೆ ತಯಾರಿಸುವ ಕಡೆ ಇದೇ ಪದ್ಧತಿ.

ಕುರಿ ಸಾಕುವವರಿಗೆ, ಸತ್ತ ದನದ ಚರ್ಮ ಸುಲಿದವರ ಮಕ್ಕಳಾದ ನಮಗೆ, ನೆರಡಿ ರೋಗ ಅಂದರೆ ಭಯ. 1881ರ ಮೇನಲ್ಲಿ ಪುಯಿ ಲ ಫೋರ್ ಎಂಬ ಹಳ್ಳಿಯಲ್ಲಿ ಜನರ ಮುಂದೆ ಲಸಿಕೆ ಪರೀಕ್ಷೆ ಮಾಡಿದರು. ಲಸಿಕೆ ಹಾಕಿದ ಕುರಿಗಳು ಉಳಿದವು, ಹಾಕದವು ಸತ್ತವು. ಆ ದಿನ ಬಳಸಿದ ಲಸಿಕೆ ತಯಾರಾಗಿದ್ದು ಅವರ ಸಹಾಯಕ ಶಾಂಬರ್‌ಲಾನ್ ವಿಧಾನದಲ್ಲಿ. ಪಾಶ್ಚರ್ ಅದನ್ನು ಬಹಿರಂಗವಾಗಿ ಹೇಳಲಿಲ್ಲ. ದೊಡ್ಡವರಲ್ಲೂ ಇಂಥ ಕೊರತೆ ಇರುತ್ತೆ, ಮುಚ್ಚಿಡೋದು ಬೇಡ.

1885ರ ಜುಲೈ 6ರಂದು ಹುಚ್ಚುನಾಯಿ ಕಡಿದ 9 ವರ್ಷದ ಜೋಸೆಫ್ ಮೈಸ್ಟರ್‌ಗೆ ಲಸಿಕೆ ಹಾಕಿಸಿದರು. ಹುಡುಗ ಉಳಿದ. ಅದೇ ವರ್ಷ ಬಂದ ಇನ್ನೊಬ್ಬ 15 ವರ್ಷದ ಕುರಿಗಾಹಿ ಜ್ಯುಪಿಯ್. ಚಿಕ್ಕ ಹುಡುಗರನ್ನು ಉಳಿಸೋಕೆ ತಾನೇ ನಾಯಿಗೆ ಅಡ್ಡ ನಿಂತು ಕಚ್ಚಿಸಿಕೊಂಡವನು. ಪಾಶ್ಚರ್ ಸಂಸ್ಥೆಯ ಅಂಗಳದಲ್ಲಿ ಆ ಕುರಿಗಾಹಿಯ ಪ್ರತಿಮೆ ಇದೆ. ನಮ್ಮ ಕಡೆ ಕೂನೂರಿನಲ್ಲೂ 1907ರಿಂದ ಅವರ ಹೆಸರಿನ ಸಂಸ್ಥೆ ಇದೆ. ನಾಯಿ ಕಡಿದರೆ ಮಂತ್ರ, ಬೇರು ಅಂತ ಅಲೆಯಬೇಡಿ. ಸೋಪು ಹಾಕಿ ಹರಿಯೋ ನೀರಲ್ಲಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ.

ನಮಗೆ ಏನು ಪಾಠ?

1895ರ ಸೆಪ್ಟೆಂಬರ್ 28ರಂದು ಪಾಶ್ಚರ್ ತೀರಿಕೊಂಡಾಗ ನಮ್ಮ ಬಾಬಾಸಾಹೇಬರಿಗೆ ನಾಲ್ಕು ವರ್ಷ. ಇಬ್ಬರೂ ಸಿಪಾಯಿಗಳ ಮಕ್ಕಳು. ಇಬ್ಬರ ತಂದೆಯರಿಗೂ ಮಗ ಓದಬೇಕೆಂಬ ಹಟ. ಒಬ್ಬರು ಬೆಂಚಿನ ಮೇಲೆ ಕೂತು ಓದಿದರು. ಇನ್ನೊಬ್ಬರು ಮನೆಯಿಂದ ಗೋಣಿತಟ್ಟು ಹೊತ್ತು ತಂದು ಮೂಲೆಯಲ್ಲಿ ಕೂತು, ಯಾರಾದರೂ ಮೇಲಿಂದ ನೀರು ಹುಯ್ಯಲಿ ಅಂತ ಕಾಯ್ದು ಓದಿದರು. ಫ್ರಾನ್ಸಿನ ಚರ್ಮಗಾರರಿಗೆ ಬಡತನ ಇದ್ದಿರಬಹುದು, ವಾಸನೆ ಅಂತ ಮೂಗು ಮುಚ್ಚಿದವರೂ ಇದ್ದಿರಬಹುದು. ಆದರೆ ಊರಿನ ಕೆರೆ, ಊರಿನ ಶಾಲೆ ಅವರಿಗೆ ಮುಚ್ಚಿರಲಿಲ್ಲ. ಅದೇ ತೊಗಟೆ ನೀರಿನಲ್ಲಿ ಕೈ ಅದ್ದಿದ ನಮ್ಮ ತಾತಂದಿರ ಮಕ್ಕಳಲ್ಲಿ ಎಷ್ಟು ಜನ ಹರಳು ನೋಡುವ ಕಣ್ಣಿದ್ದವರು ತೊಟ್ಟಿಯ ಪಕ್ಕದಲ್ಲೇ ಮುಗಿದುಹೋದರೋ!

1883ರಲ್ಲಿ ಪಾಶ್ಚರ್ ಹುಟ್ಟಿದ ಮನೆಗೆ ಊರವರು ಫಲಕ ಹಾಕಿದರು. ಆಗ ಅವರು ಲೋಕಪ್ರಸಿದ್ಧರು. ಊರ ಜನರೆಲ್ಲರ ಮುಂದೆ ನಿಂತು, ಚರ್ಮ ಹದ ಮಾಡಿ ತಮ್ಮನ್ನು ಓದಿಸಿದ ತಂದೆಯನ್ನೂ, ತಾಯಿಯನ್ನೂ ನೆನೆದು ಅತ್ತರು. ಕಸುಬನ್ನು ಮುಚ್ಚಿಡಲಿಲ್ಲ. ಆರ್ಬ್ವಾದ ಆ ಹೊಳೆದಂಡೆಯ ಮನೆ ಈಗ ಮ್ಯೂಸಿಯಂ, ಜನ ಟಿಕೆಟ್ ತಗೊಂಡು ನೋಡೋಕೆ ಹೋಗ್ತಾರೆ.

ತಮ್ಮಂದಿರೆ, ತಂಗಿಯರೆ, ಬಿ.ಎಸ್ಸಿ.ಗೆ ಸೇರಿ ಕೆಮಿಸ್ಟ್ರಿ ಕಷ್ಟ ಅಂತ ಎರಡನೇ ವರ್ಷಕ್ಕೆ ಬಿಟ್ಟವರು ನಮ್ಮಲ್ಲಿ ಇದ್ದೀರಿ. ಹೈದರಾಬಾದಿನ ಐಐಸಿಟಿಯಲ್ಲಿ, ಬೆಂಗಳೂರಿನ ಔಷಧಿ ಕಂಪನಿಗಳಲ್ಲಿ ಇವತ್ತು ನಡೆಯೋದು ಇದೇ ಎಡಬಲದ ಕೆಲಸ. ಅಲ್ಲಿಗೆ ನಮ್ಮ ಕೇರಿಯಿಂದಲೂ ಬಸ್ ಇದೆ. ಸಾಧಾರಣ ದರ್ಜೆ ಬಂದವರೂ ಹೋಗಬಹುದು ಅನ್ನೋದಕ್ಕೆ ಮೇಲೆ ಹೇಳಿದ ಅಂಕಪಟ್ಟಿಯೇ ಸಾಕ್ಷಿ. ಬಿಟ್ಟವರು ಈ ವರ್ಷ ಮತ್ತೆ ಪರೀಕ್ಷೆ ಕಟ್ಟಿ. ಫೀಸಿಗೆ ತೊಂದರೆ ಇದ್ದರೆ ನಾಚಿಕೆ ಬಿಟ್ಟು ಸಂಘದಲ್ಲಿ ಹೇಳಿ, ಕೂಡಿ ಯೋಚನೆ ಮಾಡೋಣ.

ಜೈ ಭೀಮ್.